ಏಳು ಸೀಬೆಕಾಯಿ

ತಮಿಳುನಾಡಿನ ಗಡಿಯೊಳಗೆ ಸೇರಿದ ದೊಡ್ಡಗಾಜನೂರಿನ ನಮ್ಮ ಬೀದಿಯಲ್ಲಿ ಆಗ ಫೋನ್ ಇದ್ದದ್ದು ನನ್ನ ಮನೆಯಲ್ಲಿ ಮಾತ್ರ. ಎರಡು ಸಾವಿರದ ಮೂರೋ ನಾಲ್ಕೋ ಇರಬೇಕು. ಮೊಬೈಲ್ ಇನ್ನೂ ದಿಂಬಂ ಘಾಟಿ ಹತ್ತಿರಲಿಲ್ಲ. ಪರ ಊರಿನಲ್ಲಿ ಇದ್ದವರು ಮೊದಲು ಒಮ್ಮೆ ಕಾಲ್ ಮಾಡಿ ತಮ್ಮವರನ್ನು ಕರೆಸಲು ಹೇಳುವುದು, ನಾನು ಹೇಳಿಕಳಿಸುವುದು, ಕಾಲು ಗಂಟೆ ಬಿಟ್ಟು ಅವರು ಮತ್ತೆ ಮಾಡುವುದು. ಈ ಏರ್ಪಾಟಿನಿಂದ ಊರಿನ ಸುದ್ದಿಯೆಲ್ಲ ನನಗೇ ಮೊದಲು ತಿಳಿಯುತ್ತದೆ ಎಂದುಕೊಂಡಿದ್ದೆ. ಮೈಸೂರಿನ ಕಾನ್ವೆಂಟಿನಲ್ಲಿ ನನ್‌ಗಳ ಕೈಯಲ್ಲಿ ಪಳಗಿ, ಆಮೇಲೆ ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವಳು ನಾನು. ಸುಳ್ಳಿನ ವಾಸನೆ ನನಗೆ ದೂರದಿಂದಲೇ ಬಡಿಯುತ್ತದೆ ಎಂಬ ಜಂಬ ಬೇರೆ.

ಹಿಂದಿನ ಬೀದಿಯಲ್ಲಿ ಕೂಲಿ ಮಾಡಿಕೊಂಡಿದ್ದ ಒಬ್ಬ ಹೆಂಗಸು ನನ್ನ ಹಿತ್ತಲ ಕೆಲಸಕ್ಕೂ ಬರುತ್ತಿದ್ದಳು. ಗಂಡ ಇಲ್ಲ, ಒಬ್ಬಳೇ ಮಗಳು. ಆ ಹುಡುಗಿಗೆ ಹದಿನೇಳು ತುಂಬಿದಾಗ ಕೊಯಮತ್ತೂರಿನ ಒಂದು ಆಸ್ಪತ್ರೆಯ ನರ್ಸಿಂಗ್ ಅಸಿಸ್ಟೆಂಟ್ ಕೋರ್ಸಿಗೆ ಸೀಟು ಕೊಡಿಸಿದ್ದು ನಾನೇ. ಇವಳ ಕಂಡಕ್ಟಿಗೆ ನಾನು ಗ್ಯಾರಂಟಿ ಎಂದು ಇಂಗ್ಲಿಷಿನಲ್ಲಿ ಒಂದು ಪುಟ ಬರೆದುಕೊಟ್ಟಿದ್ದೆ. ಹುಡುಗಿಯ ಸೋದರಮಾವನಿಗೆ ಅದು ಅಷ್ಟಾಗಿ ಹಿಡಿಸಲಿಲ್ಲ. ಜೀರಹಳ್ಳಿಯಲ್ಲಿ ಗಂಡು ನೋಡಿಟ್ಟುಕೊಂಡಿದ್ದ. ನನ್ನ ಮುಖ ನೋಡಿ ಒಪ್ಪಿದ, ಆದರೆ ಕರಾರು ಹಾಕಿದ: ಅಲ್ಲಿಂದ ಒಂದು ತೊಂದರೆ ಕೇಳಿಬಂದರೂ ಸರಿ, ಕರೆದುಕೊಂಡು ಬರುವುದು, ಆ ತಿಂಗಳೇ ಮದುವೆ. ನಾನೂ ಹುಡುಗಿಗೆ ಅದನ್ನೇ ಹೇಳಿ ಬಸ್ಸು ಹತ್ತಿಸಿದೆ. ಒಂದು ಕಂಪ್ಲೇಂಟ್ ಬಂದರೆ ನಾನೇ ನಿನ್ನ ಮಾವನಿಗೆ ತಿಳಿಸುತ್ತೇನೆ, ಎಂದೆ.

ಪ್ರತಿ ಭಾನುವಾರ ನಾಲ್ಕು ಗಂಟೆಗೆ ಅವಳ ಕಾಲ್. ಮೊದಲ ವಾರದಿಂದಲೇ ಅದರಲ್ಲಿ ಇನ್ನೊಬ್ಬಳು ಸೇರಿಕೊಂಡಳು. ರಾಮನಾಥಪುರದ ಸಮುದ್ರ ದಂಡೆಯ ಮೀನುಗಾರರ ಹುಡುಗಿಯಂತೆ, ಇವಳದೇ ವಯಸ್ಸು, ಇವಳದೇ ಹಾಸ್ಟೆಲ್, ಬೆಟ್ಟವನ್ನೇ ಕಂಡವಳಲ್ಲ. ಗಾಂಧೀಪುರಂ ಬಸ್‌ಸ್ಟ್ಯಾಂಡಿನಲ್ಲಿ ಇಬ್ಬರೂ ದಾರಿ ತಪ್ಪಿ ನಿಂತಾಗ ಗುರುತಾದದ್ದು. ನಮ್ಮ ಹುಡುಗಿ ಕನ್ನಡ ಮೀಡಿಯಂ. ತಮಿಳು ಮಾತು ಬರುತ್ತದೆ, ಬೋರ್ಡು ಓದಲು ಬಾರದು. ಅವಳು ಬೋರ್ಡು ಓದುತ್ತಾಳೆ, ಆದರೆ ರಸ್ತೆ ದಾಟಲು ಹೆದರಿ ಅಳುತ್ತಾಳೆ. ಹೊಲಕ್ಕೆ ನುಗ್ಗಿದ ಆನೆ ಓಡಿಸಿದ ಮನೆಯಲ್ಲಿ ಹುಟ್ಟಿದವಳಿಗೆ ಲಾರಿ ಏನು ಲೆಕ್ಕ! ಒಬ್ಬಳು ಓದುವುದು, ಇನ್ನೊಬ್ಬಳು ಕೈಹಿಡಿದು ದಾಟಿಸುವುದು. ಹೀಗೇ ಗಂಟುಬಿದ್ದರು.

ನನಗೆ ಇದು ಸರಿಕಾಣಲಿಲ್ಲ. ಅವಳ ಅಪ್ಪ ಯಾರು, ಮನೆಯಲ್ಲಿ ಯಾರಿದ್ದಾರೆ, ಅವಳನ್ನು ಸೇರಿಸಿದವರು ಯಾರು ಎಂದು ವಾರವಾರವೂ ಕೇಳುತ್ತಿದ್ದೆ. ತಾಯಿ ಸತ್ತುಹೋಗಿದ್ದಾಳೆ ಎಂಬುದೊಂದು ಬಿಟ್ಟು ನೆಟ್ಟಗೆ ಉತ್ತರ ಬರುತ್ತಿರಲಿಲ್ಲ. ನಮ್ಮವಳಿಂದ ಅವಳು ಕನ್ನಡ ಕಲಿಯುತ್ತಿದ್ದಾಳೆ ಎಂದು ತಿಳಿದಾಗ ಸಸ್ಪಿಷನ್ ಇನ್ನೂ ಬಲಿಯಿತು. ಸಮುದ್ರದ ಹುಡುಗಿಗೆ ನಮ್ಮ ತಾಳವಾಡಿ ಕನ್ನಡ ಯಾತಕ್ಕೆ?

ಐದಾರು ತಿಂಗಳು ಹೀಗೆ ಕಳೆಯಿತು. ಆಮೇಲೊಂದು ಭಾನುವಾರ ಬಂದ ದನಿಯಲ್ಲಿ ಏನೋ ಬದಲಾಗಿತ್ತು. ನಮ್ಮ ಹುಡುಗಿ ಓಡಿಬಂದವಳಂತೆ ಅರ್ಧ ಮಾತು ನುಂಗಿ ಮಾತಾಡುವವಳು. ಈ ದನಿ ವೆರಿ ಪೊಲೈಟ್. ಊಟ ಆಯ್ತಾ ಟೀಚರಮ್ಮ, ಮಂಡಿ ನೋವು ಯಾಂಗದ ಎಂದೆಲ್ಲ ವಿಚಾರಿಸಿತು. ಸಿಟಿ ಕಲಿಸಿದ ಮ್ಯಾನರ್ಸ್ ಇರಬಹುದು ಎಂದು ಸುಮ್ಮನಾದೆ. ಮುಂದಿನ ವಾರವೂ ಹಾಗೆಯೇ.

ಇತ್ತ ಹುಡುಗಿಯ ತಾಯಿಯೂ ವಿಚಿತ್ರವಾಗಿ ಆಡತೊಡಗಿದಳು. ಅವಳಿಗೆಂದು ಹಿತ್ತಲ ಕಿಟಕಿಯಲ್ಲಿ ಬೇರೆಯಾಗಿ ಒಂದು ಲೋಟ ಇಟ್ಟಿರುತ್ತಿದ್ದೆ. ಆ ಲೋಟದ ಕಾಫಿ ಮುಟ್ಟಲಿಲ್ಲ. ಸಾರು ಕೊಟ್ಟರೆ, ಒಗ್ಗರಣೆ ಹಾಕಿದೆಯಾ ಎಂದು ಕೇಳಿ ಬೇಡ ಅಂದಳು. ಮೈಯಿಂದ ಅರಿಶಿನ, ಬೇವಿನ ಘಾಟು. ಫೋನಿನಲ್ಲಿ ಮಾತಾಡುವಾಗ ನನಗೆ ಬೆನ್ನು ತಿರುಗಿಸಿ ನಿಲ್ಲುತ್ತಿದ್ದಳು. ಸುಮ್ಮನೆ ಅವಳ ಬೀದಿಗೆ ಹೋಗಿ ಬಂದಿದ್ದರೆ ಅರ್ಧ ನಿಮಿಷದಲ್ಲಿ ತಿಳಿಯುತ್ತಿತ್ತು. ನಾನು ಆ ಬೀದಿಗೆ ಹೋಗುವ ಪದ್ಧತಿ ಇರಲಿಲ್ಲ.

ಮೂರನೆಯ ಭಾನುವಾರ ಪರೀಕ್ಷೆ ಮಾಡಿಯೇಬಿಟ್ಟೆ. ನನ್ನ ಗೇಟಿನ ಬಳಿ ಒಂದು ಸೀಬೆ ಮರ. ಹತ್ತು ವರ್ಷದವಳಿದ್ದಾಗ ಆ ಹುಡುಗಿ ಅದನ್ನು ಹತ್ತಿ ಸಿಕ್ಕಿಬಿದ್ದಿದ್ದಳು. ಕೈಯಲ್ಲಿದ್ದದ್ದು ಎರಡು ಕಾಯಿ. ಕದ್ದದ್ದೇ ಎರಡು ಎಂದು ಅಂದಿನಿಂದಲೂ ಆಣೆ ಹಾಕುತ್ತಿದ್ದಳು. ಈಗ ಫೋನಿನಲ್ಲಿ ತಮಾಷೆಗೆಂಬಂತೆ ಕೇಳಿದೆ, ನಿಜ ಹೇಳು, ಅವತ್ತು ಎಷ್ಟು ಕಿತ್ತಿದ್ದೆ ಎಂದು.

"ಏಳು ಕಣಿ ಟೀಚರಮ್ಮ. ಐದ ನಾನೇ ಲಂಗದಲ್ಲಿ ಬಚ್ಚಿಟ್ಟಿದ್ದಿ."

ಇಂಪಾಸಿಬಲ್. ಏಳು ನಿಜವೇ ಇರಬೇಕು, ತೊಂದರೆಯೇ ಅದು. ನಮ್ಮ ಹುಡುಗಿ ಪ್ರಾಣ ಹೋದರೂ ಅದನ್ನು ನನ್ನೆದುರು ಒಪ್ಪುವವಳಲ್ಲ. ಒಪ್ಪಿಕೊಂಡವಳು ಬೇರೆ ಯಾರೋ. ಹಾಗಾದರೆ ನಮ್ಮವಳು ಎಲ್ಲಿ? ಯಾರ ಜೊತೆ ಹೋದಳು? ಮೂರು ವಾರದಿಂದ?

ತಾಯಿಯನ್ನು ಕರೆಯಲು ಹೇಳಿಕಳಿಸಿ, ಹಾಸ್ಟೆಲ್ ವಾರ್ಡನ್ನಿನ ನಂಬರು ಹುಡುಕಿ ತಿರುಗಿಸತೊಡಗಿದೆ. ಅರ್ಧ ತಿರುಗಿಸಿದ್ದೆ, ಅಷ್ಟರಲ್ಲಿ ತಾಯಿ ಒಳಗೆ ಬಂದಳು. ಮುಖ ನೋಡಿಯೇ ತಿಳಿದುಕೊಂಡಳೆಂದು ಕಾಣುತ್ತದೆ. ಕೇಳದೆ ನನ್ನ ಮನೆಯ ಒಂದು ಚಮಚವನ್ನೂ ಮುಟ್ಟದಿದ್ದವಳು, ಬೆರಳಿಟ್ಟು ಫೋನನ್ನು ಕಟ್ ಮಾಡಿದಳು.

"ಬ್ಯಾಡ ಕಣಿ ಟೀಚರಮ್ಮ. ಅದು ನನ್ ಮಗಳಲ್ಲ ಅಂತ ನಂಗೂ ಗೊತ್ತು. ಎತ್ತವ್ಳಿಗ ದನಿ ಗೊತ್ತಾಗಲ್ವಾ?"

ಕೂಸಿಗೆ ಅಮ್ಮ ಬಂದಿದ್ದಾಳೆ, ಎಂದಳು. ಚಿಕನ್ ಪಾಕ್ಸ್‌ಗೆ ನಮ್ಮ ಕಡೆ ಹಾಗೆಯೇ ಅನ್ನುವುದು. ಹಾಸ್ಟೆಲ್‌ನಲ್ಲಿ ಅಂಥವರನ್ನು ಊರಿಗೆ ಕಳಿಸಿಬಿಡುತ್ತಾರಂತೆ. ಊರಿಗೆ ಬಂದರೆ ಮಾವ ಮತ್ತೆ ಕಳಿಸುವುದುಂಟೆ? ಸಮುದ್ರದ ಹುಡುಗಿಗೆ ಚಿಕ್ಕಂದಿನಲ್ಲೇ ಆಗಿಹೋಗಿತ್ತು. ನಾನು ನೋಡಿಕೊಳ್ಳುತ್ತೇನೆ ಎಂದು ವಾರ್ಡನ್ನಿನ ಕಾಲು ಹಿಡಿದು ಇವಳನ್ನು ಬೇರೆ ರೂಮಿನಲ್ಲಿ ಉಳಿಸಿಕೊಂಡಿದ್ದಾಳೆ. ಭಾನುವಾರ ಕಾಲ್ ಬರದಿದ್ದರೆ ಈ ಟೀಚರಮ್ಮ ಬಿಡುವವಳಲ್ಲ ಎಂದು ಫೋನಿನ ಕೆಲಸವನ್ನೂ ವಹಿಸಿಕೊಂಡಿದ್ದಾಳೆ. ತಾಯಿಗೆ ಮೊದಲ ದಿನವೇ ಎಲ್ಲವನ್ನೂ ಹೇಳಿಬಿಟ್ಟಿದ್ದಳು. ಅಂದಿನಿಂದ ತಾಯಿ ಇಲ್ಲಿ ಬಾಗಿಲಿಗೆ ಬೇವು ಕಟ್ಟಿ, ಒಗ್ಗರಣೆ ಬಿಟ್ಟು, ವ್ರತ ಹಿಡಿದಿದ್ದಾಳೆ.

ಅಂದರೆ ಇಷ್ಟು ದಿನ ಮೋಸ ಹೋದವಳು ನಾನೊಬ್ಬಳೇ. ನನಗೆ ಯಾಕೆ ಹೇಳಲಿಲ್ಲ ಎಂದೆ.

"ನಿಮ್ಗ ಸುಳ್ಳು ಬರಲ್ವಲ್ಲ," ಅಂದಳು. ಅದು ಹೊಗಳಿಕೆಯಲ್ಲ.

ಅಷ್ಟರಲ್ಲಿ ಫೋನ್ ಬಡಿಯಿತು. ಅವಳು ಎತ್ತಿ "ಊಂ ಮಗ" ಅನ್ನುತ್ತಿದ್ದಾಗಲೇ ಜಗಲಿಯ ಮೇಲೆ ಕೆಮ್ಮು ಕೇಳಿಸಿತು. ಹುಡುಗಿಯ ಸೋದರಮಾವ. ತಂಗಿಯ ಮನೆಗೆ ಹೋಗಿ, ಬಾಗಿಲು ಹಾಕಿದ್ದನ್ನು ಕಂಡು ಇತ್ತ ಬಂದಿದ್ದ. ಕೊಡು ಇಲ್ಲಿ, ನಾನೂ ಮಾತಾಡುತ್ತೇನೆ ಎಂದು ಕೈ ಚಾಚಿದ. ತಂಗಿ ಕೊಡದೆ ಏನು ಮಾಡಿಯಾಳು?

ಅವನು ಕಿವಿಗಿಟ್ಟುಕೊಂಡು ಅತ್ತಲಿನ ಮಾತು ಕೇಳಿಸಿಕೊಂಡ. "ಯಾಕವ್ವಾ, ದನಿ ದಪ್ಪಾಗದ?" ಎಂದ. ಆಮೇಲೆ ರಿಸೀವರಿನ ಬಾಯಿಗೆ ಅಂಗೈ ಮುಚ್ಚಿ ನನ್ನತ್ತ ತಿರುಗಿದ.

"ನೀವೇ ಯೋಳಿ ಟೀಚರಮ್ಮ. ಇದು ನಮ್ ಕೂಸೇನಾ?"

ಆ ತಾಯಿ ನನ್ನನ್ನು ನೋಡುತ್ತಿರಲಿಲ್ಲ. ನೆಲ ನೋಡುತ್ತಿದ್ದಳು.

"ಮತ್ಯಾರು?" ಎಂದೆ. "ಈಗ ತಾನೇ ನಾನು ಮಾತಾಡಿಸಿದೆ. ಶೀತ ಆಗಿದೆ, ಅಷ್ಟೆ."

ಅವನು ನನ್ನ ಮುಖವನ್ನೇ ನೋಡಿದ. ಕ್ಲಾಸಿನಲ್ಲಿ ನಾನು ಎಷ್ಟೋ ಮಕ್ಕಳನ್ನು ಹಾಗೆ ನೋಡಿದ್ದೇನೆ. ನೋಡಿಸಿಕೊಳ್ಳುವುದು ಹೇಗಿರುತ್ತದೆ ಎಂದು ಅವತ್ತು ತಿಳಿಯಿತು. ಆಮೇಲೆ ಅವನು ಫೋನಿಗೆ, ಚೆನ್ನಾಗಿ ನೋಡಿಕೊಳ್ಳವ್ವ ಎಂದಷ್ಟು ಹೇಳಿ ಇಟ್ಟುಬಿಟ್ಟ.

ಮೆಟ್ಟಿಲ ಬಳಿ ಚಪ್ಪಲಿ ಹಾಕಿಕೊಳ್ಳುತ್ತ ತಂಗಿಗೆ ಹೇಳಿದ, "ಮೂರ್ ನೀರು ಉಯ್ದ ಮ್ಯಾಲ ಯೋಳವ್ವ, ಪೂಜ ಮಾಡ್ಸವ. ಅಮ್ಮ ಮೈಮ್ಯಾಲ ಇರಗಂಟ ಮದುವ ಮಾತು ಬ್ಯಾಡ." ಮೂರು ಸಲ ತಲೆಗೆ ನೀರು ಹಾಕಿದರೆ ಅಮ್ಮ ಹೊರಟಳೆಂದು ಲೆಕ್ಕ. ಆಮೇಲೆ ನನ್ನ ಕಡೆ ತಿರುಗಿ, "ಶೀತ ಅಂದ್ರಲ್ಲ ಟೀಚರಮ್ಮ. ಶೀತಕ್ಕ ಯಾರಾರೂ ಬಾಗ್ಲಿಗ ಬೇವು ಕಟ್ಟಾರಾ?" ಎಂದು ನಕ್ಕು ಹೋದ.

ದೇವಿಗೆ ಹೆದರಿದನೋ, ಫೋನಿನಲ್ಲಿ 'ಮಾವ' ಎಂದ ಆ ಪರಕೀಯ ದನಿಗೆ ಸೋತನೋ, ಅಥವಾ ನನ್ನಂಥವಳ ಬಾಯಲ್ಲಿ ಸುಳ್ಳು ಬಂದದ್ದೇ ಅವನಿಗೆ ಸಾಕಾಯಿತೋ, ಇವತ್ತಿಗೂ ನನಗೆ ಅನುಮಾನ. ಜೀರಹಳ್ಳಿಯ ಗಂಡಿನ ಮಾತನ್ನು ಮಾತ್ರ ಅವನು ಮತ್ತೆ ಎತ್ತಲಿಲ್ಲ.

ಬೇಸಿಗೆ ರಜೆಗೆ ಇಬ್ಬರೂ ಬಂದರು. ನಮ್ಮವಳ ಹಣೆಯಲ್ಲಿ ಎರಡು ಕಲೆ ಉಳಿದಿತ್ತು. ಸಮುದ್ರದ ಹುಡುಗಿ ಕಡ್ಡಿಯ ಹಾಗಿದ್ದಳು. ಗೇಟಿನ ಬಳಿ ನಿಂತು ಮರವನ್ನೇ ನೋಡುತ್ತಿದ್ದಳು. ಒಳಗೆ ಕರೆದು ಇಬ್ಬರಿಗೂ ಕಾಫಿ ಕೊಟ್ಟೆ. ಕಿಟಕಿಯ ಲೋಟ ಕಿಟಕಿಯಲ್ಲೇ ಇತ್ತು, ಅದರ ಕಡೆ ನನ್ನ ಕೈ ಹೋಗಲಿಲ್ಲ. ಸುಮ್ಮನಿರಲಾರದೆ ಆ ಹುಡುಗಿಯನ್ನೇ ಕೇಳಿದೆ, ನಿಜ ಹೇಳಮ್ಮ, ಇವಳು ಅವತ್ತು ಎಷ್ಟು ಕಾಯಿ ಕದ್ದದ್ದು?

ಅವಳು ಪಕ್ಕದಲ್ಲಿದ್ದವಳ ಮುಖ ನೋಡಿದಳು. ಆಮೇಲೆ ನನ್ನ ಕಣ್ಣಲ್ಲಿ ಕಣ್ಣಿಟ್ಟು, ನಮ್ಮ ಊರಿನವಳ ಹಾಗೆಯೇ ಹೇಳಿದಳು.

"ಎರಡೇ ಕಣಿ ಟೀಚರಮ್ಮ."