ಒಂಟಿಗಾಲಿಗೆ ನಿಂಬೆಹಣ್ಣು

ಆಯುಧಪೂಜೆಯ ಬೆಳಿಗ್ಗೆ ಕಮಲಕ್ಕನ ತಲೆ ಕೆಟ್ಟಿದ್ದು ಮೊದಲು ಹಾರದ ವಿಷಯಕ್ಕೆ. ಮಗ ಹನುಮೇಶನ ಗಾಡಿಗೆ ಹ್ಯಾಂಡಲ್ಲೇ ಇಲ್ಲ. ಚೆಂಡುಹೂವಿನ ಸರವನ್ನು ಎಲ್ಲಿಗೆ ಕಟ್ಟುವುದು? ಒಂದು ಗಾಲಿ, ಎರಡು ಪೆಡಲು, ಮೇಲೊಂದು ಸೀಟು, ಅಷ್ಟೇ. ಕೊನೆಗೆ ಸೀಟಿನ ಕೆಳಗಿನ ಕಂಬಿಗೆ ಸುತ್ತಿದಳು.

ಹನುಮೇಶ ಆನಗೋಡಿನ ರೈತರ ಮನೆಯವನು, ಈಗ ಪೇಟೆಯಂಚಿನ ಕರೂರಿನ ಕಾರ್ಖಾನೆಯೊಂದರಲ್ಲಿ ಲೇತ್ ಮಷಿನ್ ನಡೆಸುತ್ತಾನೆ. ಶಿಫ್ಟ್ ಮುಗಿದ ಮೇಲೆ ಎಂ.ಸಿ.ಸಿ. ಬಡಾವಣೆಯ ಮೆಟ್ಟಿಲು, ಕಟ್ಟೆ, ಪಾರ್ಕಿನ ಗೋಡೆ ಎಲ್ಲವೂ ಅವನ ಮೈದಾನವಾಗಿತ್ತು. ಒಂಟಿಗಾಲಿಯ ಮೇಲೆ ಕೂತಂತೆಯೇ ಕಟ್ಟೆಗೆ ನೆಗೆಯುತ್ತಿದ್ದ, ಮೆಟ್ಟಿಲಿಂದ ಧುಮುಕುತ್ತಿದ್ದ. "ಇನ್ನೊಂದು ಗಾಲಿ ಯಾರ್ ಕದ್ರೋ?" ಎಂದು ಕೇಳುವುದರಲ್ಲಿ ಈ ಊರಿನ ಜನಕ್ಕೆ ಇನ್ನೂ ಬೇಸರ ಬಂದಿಲ್ಲ. ಇದೂ ಒಂದು ಆಟ ಕಣ್ರಿ ಎಂದು ಹೇಳಿ ಹೇಳಿ ಅವನಿಗೆ ಮಾತ್ರ ಸಾಕಾಗಿದೆ.

ಬೇಸಿಗೆಯಲ್ಲಿ ಬಿದ್ದು ಮಣಿಕಟ್ಟು ಮುರಿದುಕೊಂಡ. ಅಂದೇ ಕಮಲಕ್ಕ ಗಾಡಿಯನ್ನು ಅಟ್ಟಕ್ಕೆ ಹಾಕಿಸಿದ್ದಳು; ಪೂಜೆಗೆಂದು ಇಂದಷ್ಟೇ ಅದು ಕೆಳಗಿಳಿದಿತ್ತು. ಇಂದು ಮಧ್ಯಾಹ್ನ ಹರಿಹರದಲ್ಲಿ ಇದೇ ಆಟದ ಸ್ಪರ್ಧೆ. ಹೋಗದಿದ್ದರೆ ಜೀವವೇ ಹೋಗುತ್ತದೆ ಎಂಬಂತೆ ಅವನು ಒದ್ದಾಡುತ್ತಿದ್ದ.

"ಗಾಲಿ ಮುಂದೆ ನಿಂಬೆಹಣ್ಣು ಇಟ್ಟೀನಿ. ಹತ್ತಿ ಒಡಿ. ಒಡದ್ರೆ ಹೋಗು, ಇಲ್ಲಾಂದ್ರೆ ಬ್ಯಾಡ," ಎಂದಳು.

ಇಷ್ಟೇ ತಾನೆ ಎಂದು ಗಾಡಿ ಏರಿದ. ಹಣ್ಣಿನ ಹತ್ತಿರ ಬರುತ್ತಲೇ ಗಾಡಿ ಚಂಗನೆ ಹಾರಿ ಆಚೆ ಇಳಿಯಿತು. ಹಣ್ಣು ಇದ್ದಲ್ಲೇ ಇತ್ತು. ಪಕ್ಕದ ಮನೆಯ ಇಮಾಂಬೀ ಚಪ್ಪಾಳೆ ತಟ್ಟಿದರು. ಇನ್ನೊಮ್ಮೆ ಬಂದ; ಮತ್ತೆ ಹಾರಿದ.

"ಬೇಕಂತ ಮಾಡ್ತೀಯೇನೋ?"

"ಇಲ್ಲವ್ವಾ, ಕಾಲೇ ಮಾತು ಕೇಳವಲ್ದು!"

ಅಡ್ಡ ಬಂದದ್ದನ್ನೆಲ್ಲ ನೆಗೆದೂ ನೆಗೆದೂ ಕಾಲಿಗೆ ಬೇರೇನೂ ಗೊತ್ತಿರಲಿಲ್ಲ. ಅವನಿಗೆ ಅಳು ಬರುವಂತಾಯಿತು.

ಒಡೆಯದ ನಿಂಬೆಹಣ್ಣು ಎಂದರೆ ಗಾಡಿಗೆ ತಗುಲಿದ ದೃಷ್ಟಿ ಹಾಗೇ ಉಳಿದಂತೆ. ಕಮಲಕ್ಕ ಹಣ್ಣನ್ನು ಮತ್ತೆ ಗಾಲಿಯ ಮುಂದಕ್ಕೆ ಸರಿಸಿಟ್ಟಳು. ಆಮೇಲೆ ಮುಂದೆ ಬಂದು ಅವನ ಕೈ ಹಿಡಿದಳು, ಅದೂ ಮುರಿದಿದ್ದ ಕೈಯನ್ನೇ. "ನಾ ಹಿಡಕಂಡೀನಿ. ಸಾವಕಾಶ ಬಾ."

ಹನುಮೇಶನಿಗೆ ಏನೂ ಅರ್ಥವಾಗಲಿಲ್ಲ. ಹೋಗಬೇಡ ಎನ್ನುವವಳೇ ಹೋಗುವ ದಾರಿ ಮಾಡಿಕೊಡುತ್ತಿದ್ದಾಳಲ್ಲ! ಅವಳ ಅಂಗೈ ಬೆವರಿತ್ತು. ಕೈ ಅವಳ ಹಿಡಿತದಲ್ಲಿದ್ದುದರಿಂದ ಈ ಸಲ ಹಾರಲಾಗಲಿಲ್ಲ. ನಿಂಬೆಹಣ್ಣು ಪಚಕ್ಕನೆ ಒಡೆಯಿತು.

"ಆತು. ಇನ್ ಹೋಗಿ ಬಾ," ಎಂದಳು ಕಮಲಕ್ಕ.

ಕೈ ಮಾತ್ರ ಬಿಡಲಿಲ್ಲ. ಹೋಗಬೇಕೋ ಇಳಿಯಬೇಕೋ ತಿಳಿಯದೆ ಅವನು ಪೆಡಲನ್ನು ಹಿಂದೆ ಮುಂದೆ ತುಳಿಯುತ್ತ ನಿಂತಲ್ಲೇ ತೂಗುತ್ತಿದ್ದ.