ಹನ್ನೆರಡು ಗಂಟೆಯ ಗೇಟು

ನಾನು ರೈಲ್ವೆಯಲ್ಲಿ ಕೀಮ್ಯಾನ್ ಆಗಿದ್ದೆ. ಹಾಗೆಂದರೆ ಏನು ಅಂತ ಬೀಗರ ಮನೆಯಲ್ಲಿ ವಿವರಿಸಿ ವಿವರಿಸಿ ಸಾಕಾಗಿದೆ. ನಾನು ಸ್ಟೇಷನ್ನಿನ ಬೀಗದ ಕೈ ಇಟ್ಟುಕೊಳ್ಳುವವನು ಎಂದೇ ಅವರು ಇವತ್ತಿಗೂ ತಿಳಿದಿದ್ದಾರೆ. ನನ್ನ ಕೆಲಸ ದಿನಾ ಬೆಳಿಗ್ಗೆ ಹಳಿಯ ಉದ್ದಕ್ಕೂ ನಡೆದು, ಹಳಿಯನ್ನು ಹಿಡಿದಿರುವ ಕೊಂಡಿಗಳು ಸಡಿಲಾಗಿವೆಯೇ ಎಂದು ನೋಡಿ, ಸುತ್ತಿಗೆಯಿಂದ ಬಡಿದು ಕೂರಿಸುವುದು. ಜೊತೆಗೆ ಯೂನಿಯನ್ನಿನ ಶಾಖಾ ಕಾರ್ಯದರ್ಶಿಯೂ ಆಗಿದ್ದೆ. ಅದಕ್ಕೆ ಸಂಬಳವಿಲ್ಲ. ಬೈಗುಳ ಮಾತ್ರ ಅಧಿಕಾರಿಗಳಿಂದಲೂ ಬರುತ್ತದೆ, ನಮ್ಮವರಿಂದಲೂ ಬರುತ್ತದೆ.

ನನ್ನ ನಡಿಗೆಯ ದಾರಿಯಲ್ಲಿ, ಹೆಬ್ಬಗೋಡಿಯಿಂದ ಸ್ವಲ್ಪ ಆಚೆ, ಒಂದು ಲೆವೆಲ್ ಕ್ರಾಸಿಂಗ್ ಗೇಟಿತ್ತು. ಮೊದಲೆಲ್ಲ ಆ ರಸ್ತೆಯಲ್ಲಿ ಓಡಾಡುತ್ತಿದ್ದುದು ರೇಷ್ಮೆಗೂಡಿನ ಟೆಂಪೊ, ಹಾಲಿನ ಸೈಕಲ್ಲು, ಮೇಯಲು ಹೋಗುವ ದನ. ಆಮೇಲೆ ಹೊಸೂರು ರಸ್ತೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಮೇಲ್ಸೇತುವೆ ಕಟ್ಟಲು ಶುರುಮಾಡಿದರು. ಕೆಳಗಿನ ರಸ್ತೆಯೆಲ್ಲ ಗುಂಡಿಯಾಯಿತು. ಕಂಪನಿಗಳ ಬಸ್ಸು, ಗಾರ್ಮೆಂಟ್ಸ್ ವ್ಯಾನು, ಕ್ಯಾಬು, ಜಲ್ಲಿಯ ಲಾರಿ ಎಲ್ಲಕ್ಕೂ ಒಳದಾರಿ ಬೇಕಾಯಿತು. ಆ ಒಳದಾರಿ ಈ ಗೇಟಿನ ಮೇಲೆ ಹಾದುಹೋಗುತ್ತಿತ್ತು.

ಗೇಟ್ ಕಾಯುತ್ತಿದ್ದವರು ಇಬ್ಬರು. ಒಬ್ಬ ನಿವೃತ್ತಿಗೆ ಹತ್ತಿರವಿದ್ದ ಹಿರಿಯ. ಇನ್ನೊಬ್ಬಳು ಆನೇಕಲ್ಲಿನ ಆಚೆಯ ಹಳ್ಳಿಯ ಹೆಣ್ಣುಮಗಳು, ಪರೀಕ್ಷೆ ಬರೆದು ಕೆಲಸಕ್ಕೆ ಬಂದವಳು. ಹನ್ನೆರಡು ಗಂಟೆ ಅವನು, ಹನ್ನೆರಡು ಗಂಟೆ ಇವಳು. ಒಂದು ವಾರ ಹಗಲು, ಒಂದು ವಾರ ರಾತ್ರಿ. ಅವಳನ್ನು ಗೇಟಿಗೆ ಹಾಕಿದ ದಿನ ನಮ್ಮ ಮೇಲ್ವಿಚಾರಕ, "ಹೆಂಗಸರನ್ನ ಹಾಕಿದ್ರೆ ನಾಳೆ ಅದು ಕಷ್ಟ, ಇದು ಕಷ್ಟ ಅಂತ ಶುರುವಾಗುತ್ತೆ ನೋಡ್ತಾ ಇರಿ" ಎಂದು ಅವಳಿಗೆ ಕೇಳಿಸುವಂತೆಯೇ ಹೇಳಿದ್ದ. ಅಂದಿನಿಂದ ಅವಳ ಬಾಯಿಂದ ಕಷ್ಟ ಎಂಬ ಮಾತು ಬಂದದ್ದನ್ನು ಯಾರೂ ಕೇಳಿರಲಿಲ್ಲ. ಜ್ವರ ಬಂದರೂ ಕೆಲಸಕ್ಕೆ ಹಾಜರಾಗುತ್ತಿದ್ದಳು.

ಹೆರಿಗೆ ರಜೆ ಮುಗಿದ ಮೇಲೆ ಅವಳು ಮಗುವನ್ನು ತಾಯಿಯ ಮನೆಯಲ್ಲಿ ಬಿಟ್ಟು ಬರಬೇಕಾಯಿತು. ಗಂಡನಿಗೆ ಬೊಮ್ಮಸಂದ್ರದ ಕಾರ್ಖಾನೆಯಲ್ಲಿ ಪಾಳಿ ಕೆಲಸ. ಹೆಬ್ಬಗೋಡಿಯ ಒಂದು ಕೋಣೆಯ ಬಾಡಿಗೆ ಮನೆಯಲ್ಲಿ ಇವಳು ಹನ್ನೆರಡು ಗಂಟೆ ಇಲ್ಲದಿದ್ದರೆ, ಅವನೂ ಪಾಳಿಗೆ ಹೋದರೆ, ಕೂಸನ್ನು ನೋಡುವವರು ಯಾರು? ವಾರದ ರಜೆಯಲ್ಲಿ ಬಸ್ಸು ಹತ್ತಿ ಹೋಗಿ ಮಗುವಿನ ಮುಖ ನೋಡಿಕೊಂಡು ಬರುತ್ತಿದ್ದಳು. ಒಂದು ಬೆಳಿಗ್ಗೆ ನಾನು ಗೇಟ್ ದಾಟುವಾಗ ಕೇಳಿದಳು.

"ಅಣ್ಣ, ಎಂಟು ಗಂಟೆ ಡ್ಯೂಟಿ ಆದ್ರೆ ಮಗೂನ ಕರ್ಕಂಡು ಬಂದ್ಬುಡ್ತೀನಿ. ಒಬ್ರಲ್ಲ ಒಬ್ರು ಮನೇಲಿರ್ತೀವಿ. ಯೂನಿಯನ್ನಿಂದ ಏನಾದ್ರೂ ಆಯ್ತದಾ?"

"ಆಗುತ್ತಮ್ಮ, ಯಾಕಾಗಲ್ಲ," ಎಂದೆ. ಯೂನಿಯನ್ನಿನವನ ಬಾಯಲ್ಲಿ ಬೇರೆ ಉತ್ತರ ಬರುವುದಿಲ್ಲ.

ರೈಲ್ವೆಯ ಕಾನೂನಿನಲ್ಲಿ ಕೆಲಸಗಳನ್ನು ಬೇರೆ ಬೇರೆ ಸಾಲಿನಲ್ಲಿ ಕೂರಿಸಿದ್ದಾರೆ. ಎಡೆಬಿಡದೆ ಮಾಡಬೇಕಾದ ಕೆಲಸವಾದರೆ ಎಂಟು ಗಂಟೆಯ ಪಾಳಿ. ನಡುನಡುವೆ ಸುಮ್ಮನೆ ಕೂರುವ ಸಮಯ ಬೇಕಾದಷ್ಟು ಸಿಗುವ ಕೆಲಸವಾದರೆ ಹನ್ನೆರಡು. ದನ, ಸೈಕಲ್ಲು ಓಡಾಡುತ್ತಿದ್ದ ಕಾಲದಲ್ಲಿ ಈ ಗೇಟನ್ನು ಎರಡನೆಯ ಸಾಲಿಗೆ ಸೇರಿಸಿದ್ದರು, ಯಾರೂ ಮತ್ತೆ ತಿರುಗಿ ನೋಡಿರಲಿಲ್ಲ. ಬದಲಾಯಿಸಬೇಕಾದರೆ ಇನ್‌ಸ್ಪೆಕ್ಟರೊಬ್ಬರು ತಮ್ಮ ಸಹಾಯಕರೊಂದಿಗೆ ಕೆಲವು ದಿನ ಹಗಲೂ ರಾತ್ರಿ ಗೇಟಿನ ಪಕ್ಕದಲ್ಲೇ ಕೂತು, ಕಾವಲುಗಾರ ಎಷ್ಟು ಹೊತ್ತು ಕೆಲಸ ಮಾಡಿದ, ಎಷ್ಟು ಹೊತ್ತು ಸುಮ್ಮನಿದ್ದ ಎಂದು ಬರೆದುಕೊಳ್ಳಬೇಕು. ಆ ಪರೀಕ್ಷೆ ಮಾಡಿ ಎಂದು ನಾನು ಅರ್ಜಿ ಹಾಕಿದೆ. ಮೇಜಿನಿಂದ ಮೇಜಿಗೆ ಅದರ ಹಿಂದೆ ಅಲೆದೆ. ಕೊನೆಗೆ ನನ್ನ ಕಾಟ ತಡೆಯಲಾರದೆ ಒಪ್ಪಿದರು.

ಹಿಂದಿನ ದಿನ ಅವಳಿಗೆ ಹೇಳಿದೆ: "ನೋಡಮ್ಮ, ದಿನಾ ಹೆಂಗಿರುತ್ತೋ ಹಂಗೇ ಇರಲಿ. ಅವರು ಬಂದಿದ್ದಾರೆ ಅಂತ ಏನೂ ಹೊಸದಾಗಿ ಮಾಡೋಕೆ ಹೋಗ್ಬೇಡ."

ಆದರೆ ರೈಲ್ವೆಯವರ ರಕ್ತದಲ್ಲಿ ಒಂದು ರೋಗವಿದೆ. ಸಾಹೇಬರು ಬರುತ್ತಾರೆ ಎಂದರೆ ಸಾಕು, ಕಲ್ಲಿಗೆಲ್ಲ ಸುಣ್ಣ ಬಳಿಯುತ್ತೇವೆ. ಮರುದಿನ ನಾನು ಹೋಗಿ ನೋಡಿದರೆ ಗೇಟು ಮದುವೆ ಮನೆಯ ಹಾಗೆ ಮಿಂಚುತ್ತಿತ್ತು. ಅಡ್ಡಗಂಬ ಇಳಿಸುವ ಚಕ್ರಕ್ಕೆ ಎಣ್ಣೆ ಹಾಕಿದ್ದಳು. ಅದು ಹೋಗಲಿ ಅಂದರೆ, ರಸ್ತೆಯಲ್ಲಿ ಗಾಡಿಗಳೇ ಇಲ್ಲ! ಇದ್ದವೂ ಶಾಲೆಯ ಮಕ್ಕಳ ಹಾಗೆ ಗೆರೆಯ ಹಿಂದೆ ಸಾಲಾಗಿ ನಿಂತಿದ್ದವು. ಸಾಮಾನ್ಯ ದಿನಗಳಲ್ಲಿ ಗೇಟ್ ಇಳಿಸುವಾಗಲೂ ಕೆಳಗೆ ತಲೆ ಬಗ್ಗಿಸಿ ನುಗ್ಗುವ ಬೈಕಿನವರು, ಹಾರ್ನ್ ಬಾರಿಸಿ ಕಿವಿ ತೂತು ಮಾಡುವ ಕ್ಯಾಬಿನವರು, ಇವರಲ್ಲಿ ಒಬ್ಬನ ಸುಳಿವೂ ಇಲ್ಲ. ವಿಚಾರಿಸಿದರೆ, ಅವಳು ವಾರದ ಹಿಂದೆಯೇ ಪರಿಚಯದ ವ್ಯಾನಿನವರಿಗೆ, ಬಸ್ ಡ್ರೈವರುಗಳಿಗೆ, ಸುತ್ತಲ ಹಳ್ಳಿಯವರಿಗೆಲ್ಲ, "ಆಫೀಸರು ಬತ್ತಾವ್ರೆ, ನಾಕು ದಿನ ನಂಗೆ ತೊಂದ್ರೆ ಕೊಡಬ್ಯಾಡಿ ಕಣ್ರಪ್ಪೋ" ಎಂದು ಕೈಮುಗಿದಿದ್ದಳು. ಅವಳ ಮೇಲಿನ ಪ್ರೀತಿಯಿಂದ ಅರ್ಧ ಜನ ಸುತ್ತು ಹಾಕಿಕೊಂಡು ಬೇರೆ ದಾರಿ ಹಿಡಿದಿದ್ದರು.

ಕೊನೆಯ ದಿನ ಇನ್‌ಸ್ಪೆಕ್ಟರು, "ಏನಮ್ಮ, ಕೆಲಸ ಕಷ್ಟನಾ?" ಎಂದು ಕೇಳಿದರಂತೆ. ಇವಳು ಎದೆ ಸೆಟೆಸಿ ನಿಂತು, "ಏನೂ ಕಷ್ಟ ಇಲ್ಲ ಸಾರ್" ಎಂದಳಂತೆ.

ಹನ್ನೆರಡು ಗಂಟೆಯೇ ಸರಿಯಾಗಿದೆ ಎಂದು ಉತ್ತರ ಬಂತು. ನನಗೆ ಸಿಟ್ಟು ನೆತ್ತಿಗೇರಿತು. ಸುತ್ತಿಗೆಯನ್ನು ಜಲ್ಲಿಯ ಮೇಲೆ ಎಸೆದು, "ಆರು ತಿಂಗಳು ಚಪ್ಪಲಿ ಸವೆಸಿದ್ದೀನಿ ನಾನು! ನಿನಗೆ ಮಗು ಬೇಕೋ, ಒಳ್ಳೇ ಹೆಸರು ಬೇಕೋ?" ಎಂದು ಕೂಗಾಡಿದೆ. ಅವಳು ಹೋಗಿ ಸುತ್ತಿಗೆ ಎತ್ತಿಕೊಂಡು ಬಂದು ನನ್ನ ಕೈಗೆ ಕೊಟ್ಟಳು. "ಬೈರಿ ಅಣ್ಣ. ಆದ್ರೆ ಕಷ್ಟ ಅಂದ್ರೆ, ಹೆಂಗಸ್ರಿಗೆ ಆಗಲ್ಲ ಅಂತ ಗೇಟಿಂದ ತೆಗೆದಾಕ್ತಾರೆ. ಆಮ್ಯಾಕೆ ನಾನೇನು ಮಾಡ್ಲಿ?" ಎಂದಳು. ಅವಳು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ, ಹಾಗಾಗಿ ನನಗೆ ಇನ್ನಷ್ಟು ಸಿಟ್ಟು ಬಂತು.

ಇಂಥ ತೀರ್ಮಾನ ಒಪ್ಪಿಗೆಯಾಗದಿದ್ದರೆ ರೈಲ್ವೆಯ ಹೊರಗೆ, ಕೇಂದ್ರ ಸರ್ಕಾರದ ಕಾರ್ಮಿಕ ಅಧಿಕಾರಿಯ ಬಳಿಗೆ ಹೋಗಲು ಅವಕಾಶವಿದೆ. ಆ ಕಚೇರಿ ಊರಿನ ಇನ್ನೊಂದು ತುದಿಯಲ್ಲಿ, ತುಮಕೂರು ರಸ್ತೆಯಲ್ಲಿ ಪೀಣ್ಯದ ಹತ್ತಿರ. ವಿಚಾರಣೆಯ ದಿನ ಇಬ್ಬರೂ ಬಸ್ಸು ಬದಲಾಯಿಸಿ ಬದಲಾಯಿಸಿ ಹೋದೆವು. ದಾರಿಯುದ್ದಕ್ಕೂ ನಾನು ಅವಳಿಗೆ ಏನು ಹೇಳಬೇಕು ಎಂದು ಪಾಠ ಮಾಡಿದೆ. ಅವಳು ಕಿಟಕಿಯಿಂದ ಲೇತ್ ಯಂತ್ರದ ಶೆಡ್ಡುಗಳನ್ನು ನೋಡುತ್ತ ತಲೆ ಆಡಿಸಿದಳು. ಕೇಳಿಸಿಕೊಂಡಳೋ ಇಲ್ಲವೋ ದೇವರಿಗೇ ಗೊತ್ತು.

ಅಧಿಕಾರಿ ಉತ್ತರ ಕರ್ನಾಟಕದ ಕಡೆಯವರು, ಹಣೆಯಲ್ಲಿ ತೆಳುವಾಗಿ ವಿಭೂತಿ. ರೈಲ್ವೆಯ ಪರವಾಗಿ ಒಬ್ಬರು ಸಾಹೇಬರು ಬಂದಿದ್ದರು. ನಾನು ಎದ್ದು ಗಂಟಲು ಸರಿಮಾಡಿಕೊಂಡು ಭಾಷಣ ಶುರುಮಾಡುವಷ್ಟರಲ್ಲಿ ಅಧಿಕಾರಿ ಕೈಯೆತ್ತಿದರು.

"ನೀವು ಪ್ರತಿನಿಧಿ, ನಿಮ್ಮ ಮಾತು ಆಮೇಲೆ ಕೇಳ್ತೀನ್ರಿ. ಗೇಟ್ ಕಾಯೋರು ಅವರು. ಮೊದಲು ಅವರು ಹೇಳಲಿ."

ನಾನು ಕೂತೆ. ನಮ್ಮ ಕಥೆ ಮುಗಿಯಿತು ಅಂದುಕೊಂಡೆ.

"ರೈಲಿಲ್ಲದಾಗ ಏನ್ ಮಾಡ್ತೀರಿ ತಂಗಿ?"

"ಇರ್ತೀನಿ ಸಾರ್."

"ಊಟ?"

"ಮಾಡ್ತೀನಿ ಸಾರ್. ನಿಂತ್ಕಂಡು. ಕೂತ್ರೆ ರಸ್ತೆ ಕಾಣಲ್ಲ."

ರೈಲ್ವೆಯ ಸಾಹೇಬರು ನಡುವೆ ಬಾಯಿ ಹಾಕಿದರು: "ಸೌಕರ್ಯ ಎಲ್ಲಾ ಕೊಟ್ಟಿದೀವಿ ಸಾರ್. ಗೇಟ್ ರೂಮಲ್ಲಿ ನೀರಿನ ಕೊಡ ಇದೆ, ಬೆಂಚ್ ಇದೆ."

"ಕೊಡ ಐತೆ ಸಾರ್," ಎಂದಳು ಅವಳು. "ನಾನು ಕುಡಿಯಲ್ಲ."

"ಯಾಕ್ರಿ?"

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ಕೋಣೆಯಲ್ಲಿ ಇದ್ದವರೆಲ್ಲ ಗಂಡಸರು. ನಾನು ಮೇಜಿನ ಮೇಲೆ ಕಣ್ಣು ನೆಟ್ಟೆ.

"ಕುಡಿದ್ರೆ ಓಗ್ಬೇಕಾಯ್ತದೆ ಸಾರ್. ಗೇಟ್ ಬುಟ್ಟು ಓಗಂಗಿಲ್ಲ. ಮೊದ್ಲು ಇಂದ್ಗಡೆ ನೀಲಗಿರಿ ತೋಪಿತ್ತು, ಓಡೋಗಿ ಓಡ್ಬರ್ತಿದ್ದೆ. ಈಗ ಅಲ್ಲಿ ಅಪಾರ್ಟ್‌ಮೆಂಟು ಬಂದೈತೆ, ಬಾಲ್ಕನೀಲಿ ಜನ ನಿಂತಿರ್ತಾರೆ. ಅದಕ್ಕೇ ಡ್ಯೂಟಿಗೆ ಬರೋ ಮುಂಚಿಂದ್ಲೇ ನೀರು ಬುಟ್ಬುಡ್ತೀನಿ. ಹನ್ನೆರಡು ಗಂಟೆ. ಮಗು ಉಟ್ಟಿದ್ದ ವರ್ಷಾನೂ ಅಂಗೇ ಮಾಡ್ದೆ, ಎದೆ ಆಲು ನಿಂತೋಯ್ತು." ಬೆರಳಿಗೆ ಸುತ್ತಿದ್ದ ಸೆರಗನ್ನು ಬಿಚ್ಚಿ, "ಕಷ್ಟ ಆಯ್ತದೆ ಸಾರ್," ಎಂದಳು.

ಆರು ವರ್ಷದಿಂದ ದಿನಾ ಆ ಗೇಟ್ ದಾಟುತ್ತಿದ್ದವನು ನಾನು. ಯೂನಿಯನ್ನಿನವನು ಎಂದು ಬೀಗುತ್ತಿದ್ದವನು. ನನಗೆ ಇದು ಗೊತ್ತಿರಲಿಲ್ಲ. ಸಿದ್ಧಮಾಡಿಕೊಂಡು ಹೋಗಿದ್ದ ಭಾಷಣದ ಒಂದು ಅಕ್ಷರವೂ ನೆನಪಾಗಲಿಲ್ಲ. ಅಧಿಕಾರಿ ಕನ್ನಡಕ ತೆಗೆದು ಒರೆಸಿ, ನನ್ನ ಕಡೆ ತಿರುಗಿ, ನೀವು ಏನಾದರೂ ಸೇರಿಸುತ್ತೀರಾ ಎಂದರು. ಇಲ್ಲ ಸಾರ್ ಎಂದೆ. ನನ್ನ ಯೂನಿಯನ್ ಜೀವನದಲ್ಲಿ ನಾನು ಮಾತಾಡದೆ ಎದ್ದು ಬಂದ ವಿಚಾರಣೆ ಅದೊಂದೇ.

ಮುಂದಿನ ತಿಂಗಳು ಆ ಕಚೇರಿಯವರೇ ಯಾರಿಗೂ ಹೇಳದೆ ಒಂದು ಸೋಮವಾರ ಗೇಟಿಗೆ ಬಂದು ಕೂತರು. ಸುಣ್ಣ ಬಳಿಯಲು ಸಮಯವಿರಲಿಲ್ಲ, ಯಾರಿಗೂ ಕೈಮುಗಿಯಲೂ ಸಮಯವಿರಲಿಲ್ಲ. ಗೇಟ್ ಇಳಿಸಲು ಹೋದರೆ ಹಳಿಯ ಮೇಲೆ ಕಂಪನಿ ಬಸ್ಸು, ಅದರ ಹಿಂದೆ ಲಾರಿ, ನಡುವೆ ಸಿಕ್ಕಿಕೊಂಡ ಆಟೊ. ಅವಳು ಕೆಂಪು ಬಾವುಟ ಹಿಡಿದು ರಸ್ತೆಯ ಮಧ್ಯೆ ನಿಂತು ಒಂದೊಂದನ್ನೇ ಹಿಂದಕ್ಕೆ ಕಳಿಸುತ್ತಿದ್ದಳು. ಆಚೆ ರೈಲು ಸಿಗ್ನಲ್ಲಿಗೆ ಕಾಯುತ್ತ ಕೂಗುತ್ತಿತ್ತು. ಬಂದವರು ಉಳಿದ ದಿನಗಳಲ್ಲೂ ಇದನ್ನೇ ನೋಡಿದರು.

ಗೇಟು ಎಂಟು ಗಂಟೆಯ ಸಾಲಿಗೆ ಸೇರಿತು. ಮೂರನೆಯ ಕಾವಲುಗಾರನೊಬ್ಬ ಬಂದ. ಗೇಟಿನ ಪಕ್ಕದಲ್ಲಿ ತಗಡಿನ ಬಾಗಿಲಿನ ಶೌಚಾಲಯವನ್ನೂ ಕಟ್ಟಿಸಿದರು. ಅದಕ್ಕೆ ನಾನು ಮತ್ತೆ ಬೇರೆಯೇ ಜಗಳವಾಡಬೇಕಾಯಿತು, ಅದರ ಮಾತು ಬೇಡ. ಅವಳು ರಜೆ ಹಾಕಿ ಊರಿಗೆ ಹೋಗಿ ಮಗುವನ್ನು ಕರೆದುಕೊಂಡು ಬಂದಳು.

ಒಂದೆರಡು ವಾರ ಕಳೆದ ಮೇಲೆ ಗೇಟಿನಲ್ಲಿ ನಿಂತು, "ಹೆಂಗಿದ್ದಾಳಮ್ಮ ಮಗಳು?" ಎಂದು ಕೇಳಿದೆ. ಗೆಲುವಿನ ಸುದ್ದಿಯನ್ನು ಇನ್ನೊಮ್ಮೆ ಕೇಳುವ ಚಪಲ ನನ್ನದು.

"ಚೆನ್ನಾಗವ್ಳೆ ಅಣ್ಣ. ಓಡಾಡ್ತಾಳೆ, ಮಾತಾಡ್ತಾಳೆ," ಎಂದಳು. ಚಕ್ರದ ಹಿಡಿಯನ್ನು ಬಟ್ಟೆಯಿಂದ ಒರೆಸುತ್ತಿದ್ದಳು. "ನಮ್ಮಮ್ಮನ್ನ ಅಮ್ಮ ಅಂತಾಳೆ. ನನ್ನ ಅಕ್ಕ ಅಂತಾಳೆ. ಮನೇಲಿ ನನ್ ತಮ್ಮ, ತಂಗಿ ಎಲ್ರೂ ಅಂಗೇ ಕರೀತಾರಲ್ಲ, ಅದ್ನೇ ಕಲ್ತವ್ಳೆ. ರಾತ್ರಿ ಅಮ್ಮ ಬೇಕು ಅಂತ ಅಳ್ತಾಳೆ, ನಾನು ಪಕ್ಕದಲ್ಲೇ ಮಲ್ಗಿರ್ತೀನಿ."

ನಾನು ಸುತ್ತಿಗೆಯನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಬದಲಾಯಿಸಿಕೊಂಡೆ. ಅಷ್ಟರಲ್ಲಿ ರೈಲು ಬರುತ್ತಿದೆ ಎಂದು ಗೇಟ್ ರೂಮಿನ ಫೋನ್ ಬಡಿದುಕೊಂಡಿತು. ಅವಳು ಉತ್ತರಿಸಿ, ಬಾವುಟ ಎತ್ತಿಕೊಂಡು, ಗೇಟ್ ಇಳಿಸಲು ಚಕ್ರಕ್ಕೆ ಕೈ ಹಾಕಿದಳು.

"ಪರ್ವಾಗಿಲ್ಲ ಬಿಡಿ ಅಣ್ಣ," ಎಂದಳು. "ಈಗ ಟೈಮ್ ಐತಲ್ಲ."