ಬೇಡ ಅಂದ ಕಾಫಿ

ತಾಕ್ ಇನ್‌ಹ್ವಾನ್‌ನಿಗೆ ನಲವತ್ತು ದಾಟಿತ್ತು, ಮದುವೆ ಆಗಿರಲಿಲ್ಲ. ದಕ್ಷಿಣ ಕೊರಿಯಾದ ದೇಗು ನಗರದ ಮದುವೆ ಮಂಟಪಗಳಲ್ಲಿ ಮೈಕು ಹಿಡಿದು, ವಧು ಒಳಗೆ ಬರುವಾಗ ನೆಂಟರಿಂದ ಚಪ್ಪಾಳೆ ಹೊಡೆಸುವುದು ಅವನ ಕಸುಬು. ಅರ್ಧ ಊರಿನ ಸಂಸಾರಗಳು ತನ್ನ ಕಂಠದಿಂದಲೇ ಶುರುವಾದವು ಎಂದು ಅವನು ನಂಬಿದ್ದ. ಅವುಗಳಲ್ಲಿ ಎಷ್ಟು ಮುರಿದವು ಎಂದು ವಿಚಾರಿಸಲು ಹೋಗಿರಲಿಲ್ಲ. ತುಂಬಿದ ಸಭೆಯ ಮುಂದೆ ಸಲೀಸಾಗಿ ಓಡುವ ಅವನ ನಾಲಿಗೆ, ಒಬ್ಬಳೇ ಹೆಣ್ಣು ಎದುರಿಗೆ ಕೂತರೆ ಅಂಗುಳಿಗೆ ಅಂಟಿಕೊಳ್ಳುತ್ತಿತ್ತು. ಇಲ್ಲವೇ ಭಾಷಣಕ್ಕೆ ಇಳಿಯುತ್ತಿತ್ತು, ಅದು ಇನ್ನೂ ಅಪಾಯ.

"ಇದೇ ಕೊನೆ ಕಣೋ," ಎಂದಿದ್ದಳು ಅಕ್ಕ ಇನ್‌ಸುಕ್. "ನನಗೆ ಗೊತ್ತಿರೋ ಹೆಣ್ಣುಗಳೆಲ್ಲ ಮುಗಿದ್ರು. ಇನ್ನುಳಿದಿರೋದು ನಮ್ಮತ್ತೆ ಒಬ್ಬರೇ. ಹೋಗಿ ಮನುಷ್ಯರ ಥರ ಮಾತಾಡು."

"ನನಗೆ ಮಾತು ಹೇಳಿಕೊಡ್ತೀಯಾ?"

"ಮಾತಲ್ಲ, ಸುಮ್ಮನಿರೋದು."

ಮೊದಲ ಭೇಟಿ ಎಂದಮೇಲೆ ಪಾಸ್ತಾ. ಇಬ್ಬರಿಗೂ ಇಷ್ಟವಿರಲಿಲ್ಲ, ಆದರೂ ಇಬ್ಬರೂ ಅದನ್ನೇ ತರಿಸಿದರು. ಅಕ್ಕ ಗೊತ್ತು ಮಾಡಿದ್ದ ಹೆಣ್ಣು ಯೊನ್‌ಜು ಹಲ್ಲಿನ ಸೆಟ್ಟು ತಯಾರಿಸುವ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದಳು. ಇನ್‌ಹ್ವಾನ್ ಗಂಟಲು ಸರಿಮಾಡಿಕೊಂಡ. "ಈ ಸುಂದರ ಸಂಜೆಯಲ್ಲಿ, ಋತುಗಳ ರಾಣಿಯಾದ ಶರತ್ಕಾಲದಲ್ಲಿ, ತಮ್ಮನ್ನು ಭೇಟಿಯಾಗುವ ಭಾಗ್ಯ..."

ಪಕ್ಕದ ಮೇಜಿನವರು ತಿರುಗಿ ನೋಡಿದರು. ಯೊನ್‌ಜು ಮಾತ್ರ ಅವನ ಬಾಯನ್ನೇ ನೋಡುತ್ತಿದ್ದಳು.

"ಮೇಲಿನ ಸಾಲು, ಎಡಗಡೆ. ಅದು ನಿಮ್ಮ ಸ್ವಂತ ಹಲ್ಲಲ್ಲ, ಅಲ್ವಾ?"

ಅವನ ಬಾಯಿ ಟಪ್ಪನೆ ಮುಚ್ಚಿತು. ಶರತ್ಕಾಲ ಅಲ್ಲಿಗೇ ಮುಗಿಯಿತು.

"ಬೇಜಾರಾಯ್ತಾ? ಕೆಲಸದ ಚಾಳಿ. ಬಣ್ಣ ಒಂಚೂರು ಬಿಳಿ ಜಾಸ್ತಿ."

"ನಾನು ಮೈಕು ಹಿಡಿದ ಮೊದಲನೇ ಮದುವೆಯಲ್ಲಿ ಹೋಯ್ತು," ಎಂದ ಅವನು, ತನಗೇ ಗೊತ್ತಿಲ್ಲದ ಸಣ್ಣ ದನಿಯಲ್ಲಿ. "ವಧುವಿನ ಅಪ್ಪ ಅಳ್ತಾ ಬಂದು ನನ್ನನ್ನೇ ತಬ್ಬಿಕೊಂಡ್ರು. ಮಧ್ಯದಲ್ಲಿ ಮೈಕು ಇತ್ತು."

"ಆಮೇಲೆ?"

"ಹಲ್ಲು ಕೆನ್ನೇಲಿ ಇಟ್ಕೊಂಡೇ ಕಾರ್ಯಕ್ರಮ ಮುಗಿಸಿದೆ. 'ಸ್ವಾಗತ' ಅಂದಾಗೆಲ್ಲ ಗಾಳಿ ಹೋಗ್ತಿತ್ತು."

ಅವಳು ನಕ್ಕಳು, ಬಾಯಿಗೆ ಕೈ ಅಡ್ಡ ಇಡದೆ. ಆಮೇಲೆ ಮಾತು ತಾನಾಗಿ ಬಂತು: ಸೆಟ್ಟು ಹಾಕಿಕೊಂಡ ದಿನವೇ ಗಟ್ಟಿ ಮಿಠಾಯಿ ಕಡಿದ ಅಜ್ಜ, ಅವಳ ತಂಗಿಯ ಜಗಳ, ಅವನ ಅಮ್ಮ ಹಾಕುತ್ತಿದ್ದ ಮೂಲಂಗಿಯ ಕಿಮ್ಚಿ ಉಪ್ಪಿನಕಾಯಿ. ಒಬ್ಬ ಮನುಷ್ಯನ ಜೊತೆ ಇಷ್ಟು ಹೊತ್ತು ಮೈಕಿಲ್ಲದೆ ಮಾತಾಡಿದ್ದು ಯಾವಾಗ ಎಂದು ಅವನಿಗೆ ನೆನಪಾಗಲಿಲ್ಲ.

ಊಟದ ದುಡ್ಡು ಅವನು ಕೊಟ್ಟ. ಬಾಗಿಲಾಚೆ ಯೊನ್‌ಜು ಚೀಲದ ಪಟ್ಟಿ ತಿರುವುತ್ತಾ, "ಕಾಫಿ ನಾನು ಕೊಡಿಸ್ತೀನಿ. ತಿರುವಿನಲ್ಲೇ ಅಂಗಡಿ ಇದೆ," ಎಂದಳು.

ಇನ್‌ಹ್ವಾನ್‌ನ ಒಳಗಿದ್ದ ನಿರೂಪಕ ಎದ್ದು ನಿಂತ. ಚಪ್ಪಾಳೆ ಜೋರಾಗಿರುವಾಗಲೇ ಕಾರ್ಯಕ್ರಮ ಮುಗಿಸಬೇಕು. ಹೆಣ್ಣುಮಗಳಿಂದ ಖರ್ಚು ಮಾಡಿಸಬಾರದು.

"ಛೇ ಛೇ, ಬೇಡ. ನಿಮಗ್ಯಾಕೆ ತೊಂದರೆ. ಇವತ್ತಿಗೆ ಇಷ್ಟು ಸಾಕು."

"ಓ," ಎಂದಳು ಅವಳು. ಪಟ್ಟಿ ತಿರುವುವುದು ನಿಂತಿತು. "ಸರಿ ಹಾಗಾದ್ರೆ. ಹುಷಾರಾಗಿ ಹೋಗಿ." ತಲೆಬಾಗಿ ಮೆಟ್ರೋ ಮೆಟ್ಟಿಲಿಳಿದಳು.

ಗೆದ್ದವನಂತೆ ಅಕ್ಕನಿಗೆ ಫೋನು ಮಾಡಿದ. ಅಕ್ಕ ಕಾಫಿಯವರೆಗೆ ಕೇಳಿಸಿಕೊಂಡಳು.

"ಬೇಡ ಅಂದ್ಯಾ?"

"ಮರ್ಯಾದೆಗೆ."

"ಅಯ್ಯೋ ಪೆದ್ದ. ಕಾಫಿ ಅಂದ್ರೆ ಕಾಫೀನೇನೋ? ಇನ್ನೂ ಸ್ವಲ್ಪ ಕೂತ್ಕೊಳ್ಳೋಣ, ನೀನು ಪರವಾಗಿಲ್ಲ ಅಂತ. ನೀನು ಸಾಕು ಅಂದ್ರೆ ಅವಳೇ ಸಾಕು ಅಂತ. ಈಗಿನ ಹೈಸ್ಕೂಲ್ ಹುಡುಗರಿಗೂ ಗೊತ್ತು."

ಅವನು ಮೆಟ್ಟಿಲಿಳಿದು ಓಡಿದ. ರೈಲು ಹೋಗಿತ್ತು. ಮೇಲೆ ಬಂದು ಫೋನಿನಲ್ಲಿ ಬರೆದ: 'ಗೌರವಾನ್ವಿತ ಯೊನ್‌ಜು ಅವರೇ, ಅನಿವಾರ್ಯ ಕಾರಣಗಳಿಂದ...' ಅಳಿಸಿದ. ಮತ್ತೊಂದು ಬರೆದ, ಅದರಲ್ಲಿ ಶರತ್ಕಾಲ ಮತ್ತೆ ಬಂದಿತ್ತು, ಅದನ್ನೂ ಅಳಿಸಿದ. ಕೊನೆಗೆ, 'ಆ ಕಾಫಿ ನನಗೆ ಬೇಕಿತ್ತು. ಹೇಳೋಕೆ ಬರಲಿಲ್ಲ,' ಎಂದಷ್ಟೇ ಕಳಿಸಿದ.

ಸಂದೇಶದ ಪಕ್ಕದಲ್ಲಿ, ಇನ್ನೂ ಓದಿಲ್ಲ ಎನ್ನುವ ಗುರುತಾಗಿ ಹಳದಿ ಬಣ್ಣದ '1' ಅಂಕಿ ನಿಂತಿತ್ತು. ಅದನ್ನೇ ನೋಡುತ್ತಾ ತಿರುವಿನ ಅಂಗಡಿಗೆ ನಡೆದ. ಕುರ್ಚಿ ಎಳೆದು ಕೂರುವಷ್ಟರಲ್ಲಿ ಆ ಅಂಕಿ ಮಾಯವಾಯಿತು. ಓದಿದಳು. ಉತ್ತರ ಬರಲಿಲ್ಲ.

"ಏನು ಕೊಡ್ಲಿ ಸರ್?" ಎಂದಳು ಅಂಗಡಿಯವಳು.

ಊರಿಗೆಲ್ಲ ಸ್ವಾಗತ ಕೋರುವ ಮನುಷ್ಯ, ನಾಲಿಗೆಯಿಂದ ಕಟ್ಟಿಸಿದ ಹಲ್ಲನ್ನು ತಡವಿಕೊಂಡ.

"ಈಗೇನೂ ಬೇಡ," ಎಂದ. "ಒಬ್ಬರು ಕೊಡಿಸ್ತೀನಿ ಅಂದಿದ್ರು."